ಟಾಲ್‌ಸ್ಟಾಯ್‌ಗೊಂದು ಬೆಂಚು

ರಷ್ಯನ್ ಮಹಾಕೃತಿಗಳು ಜನಸಾಮಾನ್ಯರಿಗೆ ಎಟುಕುತ್ತಿಲ್ಲವೆಂಬ ಕೊರಗು ನಮ್ಮ ಬುದ್ಧಿವಂತರನ್ನು ಹಿಡಿದುಬಿಟ್ಟಿದೆ. ಕೊರಗುವುದು ಎಸಿ ಸಭಾಂಗಣದಲ್ಲಿ. ಜನಸಾಮಾನ್ಯರಿಗೆ ಆಹ್ವಾನವಿಲ್ಲ, ಪಾಪ, ಅವರಿಗೆ ಕೆಲಸವಿರುತ್ತದೆ. ಊಟದ ಹೊತ್ತಿಗೆ ಪರಿಹಾರವೂ ಸಿದ್ಧ: ‘ಯುದ್ಧ ಮತ್ತು ಶಾಂತಿ’ಯನ್ನು ಇಪ್ಪತ್ತು ನಿಮಿಷದ ವಿಡಿಯೊ ಮಾಡಿ. ಯುದ್ಧಕ್ಕೆ ಹದಿನೆಂಟು, ಶಾಂತಿಗೆ ಎರಡು.

ಹೆಸರುಗಳು ಕಷ್ಟವಂತೆ. ಫ್ಯೋದೊರ್ ಮಿಖಾಯ್ಲೊವಿಚ್ ದಾಸ್ತೊಯೆವ್‌ಸ್ಕಿ ಅಂದರೆ ನಾಲಿಗೆ ತೊಡರುತ್ತದಂತೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂದು ಊರನ್ನೂ ಅಪ್ಪನನ್ನೂ ಹೆಸರಲ್ಲೇ ಕೂರಿಸಿಕೊಂಡ ನಾಡಿದು! ಮನೆಯಲ್ಲೊಂದು, ರೇಷನ್ ಕಾರ್ಡಿನಲ್ಲೊಂದು, ಆಧಾರಿನಲ್ಲಿ ಮತ್ತೊಂದು ಹೆಸರಿಟ್ಟುಕೊಂಡು ತಾಲ್ಲೂಕು ಕಚೇರಿಗೆ ಅಲೆಯುವವನಿಗೆ ರಷ್ಯನ್ನರು ಯಾವ ಲೆಕ್ಕ? ಗುಮಾಸ್ತರ ಕಥೆ ಬರೆದ ಗೊಗೊಲ್‌ಗೆ ಅಡಿಟಿಪ್ಪಣಿ ಬೇಕಾಗುವುದು ಕಚೇರಿಯ ಮೆಟ್ಟಿಲು ಹತ್ತದವರಿಗೆ ಮಾತ್ರ.

ಕನ್ನಡದಲ್ಲಿ ಅನುವಾದಕ್ಕೂ ಬರವಿಲ್ಲ. ಗೋರ್ಕಿಯ ‘ತಾಯಿ’ಯನ್ನು ನಿರಂಜನ ತಂದರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ದೇಜಗೌ ಟಾಲ್‌ಸ್ಟಾಯ್‌ನ ದಪ್ಪ ಕಾದಂಬರಿಗಳನ್ನೇ ಹೊತ್ತು ತಂದರು, ಆಮೇಲೆ ಓ.ಎಲ್. ನಾಗಭೂಷಣ ಸ್ವಾಮಿ. ಮಾಸ್ಕೊದಲ್ಲೇ ಅಚ್ಚಾದ ಪುಸ್ತಕಗಳನ್ನು ನವಕರ್ನಾಟಕ ಪ್ರಕಾಶನ ಪುಡಿಗಾಸಿಗೆ ಮಾರುತ್ತಿದ್ದ ಕಾಲವೂ ಇತ್ತು. ನುಣುಪು ಹಾಳೆಯ ‘ಸೋವಿಯತ್ ಲ್ಯಾಂಡ್’ ಪತ್ರಿಕೆ ನಮ್ಮ ನೋಟ್‌ಬುಕ್ಕುಗಳಿಗೆ ಬೈಂಡಾಗಿ, ಗಣಿತದ ಮೇಲೆ ಟ್ರ್ಯಾಕ್ಟರ್ ಓಡಿಸುತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅಗ್ಗದ ಪುಸ್ತಕ ಹೋಯಿತು, ವಿಚಾರಸಂಕಿರಣ ಉಳಿಯಿತು.

ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬವರು ಯಾವ ಸಂಕಿರಣಕ್ಕೂ ಹೋಗಲಿಲ್ಲ. ಬಾಲ್ಯ ಜೀತದಲ್ಲಿ, ದುಡಿಮೆ ಒಳಚರಂಡಿಯಲ್ಲಿ. ಶಾಲೆಯ ಮುಖ ಕಂಡವರಲ್ಲ. ತಾವು ಓದಲಾಗದ್ದನ್ನು ಬೇರೆಯವರಾದರೂ ಓದಲಿ ಎಂದು 2011ರಲ್ಲಿ ಶೆಡ್ ಹಾಕಿ, ಪತ್ರಿಕೆ ತರಿಸಿ, ಪುಸ್ತಕ ಜೋಡಿಸಿದರು. ಹೆಚ್ಚಿನವು ಕನ್ನಡದವು. ದಿನಕ್ಕೆ ನೂರಕ್ಕೂ ಹೆಚ್ಚು ಮಂದಿ ಬಂದರು. ‘ಓದುಗರ ಮನಃಸ್ಥಿತಿ’ಯ ಸಮೀಕ್ಷೆ ನಡೆಸದೆ ಇದು ಹೇಗೆ ಸಾಧ್ಯವಾಯಿತೋ, ತಜ್ಞರೇ ಹೇಳಬೇಕು. 2021ರ ಏಪ್ರಿಲ್ 9ರ ನಸುಕಿನಲ್ಲಿ ಸುಮಾರು 11,000 ಪುಸ್ತಕಗಳು ಸುಟ್ಟು ಬೂದಿಯಾದವು. ಆಗ ನಾಡಿಗೆಲ್ಲ ತಿಳಿಯಿತು, ಅಲ್ಲೊಂದು ಗ್ರಂಥಾಲಯ ಇತ್ತೆಂದು. ಹತ್ತು ವರ್ಷ ನಡೆದಾಗ ಸುದ್ದಿಯಾಗದ್ದು ಒಂದೇ ರಾತ್ರಿ ಉರಿದು ಸುದ್ದಿಯಾಯಿತು. ಮರುದಿನವೇ ಭರವಸೆಗಳು ಸಾಲುಗಟ್ಟಿದವು. ಭರವಸೆಗೆ ಬೆಂಕಿ ಹತ್ತುವುದಿಲ್ಲ ನೋಡಿ.

ಟಾಲ್‌ಸ್ಟಾಯ್‌ನನ್ನು ಕತ್ತರಿಸಬೇಡಿ, ಸ್ವಾಮಿ. ಓದುಗನಿಗೆ ಬೇಕಿರುವುದು ಸಾರಾಂಶವಲ್ಲ. ಮನೆಯ ಹತ್ತಿರ ಒಂದು ಬೆಂಚು, ಟ್ಯೂಬ್‌ಲೈಟು, ಬೀಗ ಹಾಕದ ಬೀರು. ಮುಂದಿನ ಸಂಕಿರಣದ ಊಟದ ದುಡ್ಡಿನಲ್ಲಿ ‘ಯುದ್ಧ ಮತ್ತು ಶಾಂತಿ’ಯ ನಾಲ್ಕು ಪ್ರತಿ ಕೊಂಡು ನಿಮ್ಮ ಬಡಾವಣೆಯ ವಾಚನಾಲಯಕ್ಕೆ ಕೊಟ್ಟುಬನ್ನಿ. ಫೋಟೊಗ್ರಾಫರ್ ಬೇಡ.