ಬಂಪರ್ ಬಣ್ಣದ ಕಾರ್ಣಿಕ

ಶೋರೂಮಿನ ದೀಪದ ಕೆಳಗೆ ಯಾವ ಕಾರೂ ಕೆಟ್ಟದಾಗಿ ಕಾಣುವುದಿಲ್ಲ. ಕೊಟ್ಟೂರಿನ ಏಪ್ರಿಲ್ ಬಿಸಿಲಿಗೆ ಅಂಥ ದಾಕ್ಷಿಣ್ಯವಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವ ನಮ್ಮ ಸೋದರಳಿಯ ಹೊಚ್ಚಹೊಸ ಕೆಂಪು ಸ್ಪೋರ್ಟ್ಸ್ ಕಾರನ್ನು ಪೂಜೆಗೆಂದು ಕೊಟ್ಟೂರೇಶ್ವರನ ಗುಡಿ ಹತ್ತಿರ ತಂದು ನಿಲ್ಲಿಸಿದಾಗ, ನೆರಳಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಹಿರಿಯರೊಬ್ಬರು ಒಂದೇ ನೋಟಕ್ಕೆ ತೀರ್ಪು ಕೊಟ್ಟರು: "ಗಾಡಿ ಚಲೋ ಐತಪ. ಮುಂದ್ಲ ಮಾರಿ ಬ್ಯಾರೆ ಗಾಡೀದು ಕುಂದ್ರಿಸ್ಯಾರೇನು?"

ನೋಡಿದರೆ ಹೌದು. ಬಾನೆಟ್ ಕುಂಕುಮ, ಬಂಪರ್ ಇಟ್ಟಿಗೆ. ಅಳಿಯನ ಮುಖ ಬಾನೆಟ್ಟಿನ ಬಣ್ಣಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಹೊಂದದೆ ಉಳಿದದ್ದು ಬಂಪರ್ ಒಂದೇ.

20 ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆಯೇ ಶೇ. 18. ಅದರ ಮೇಲೆ ಸೆಸ್ಸು, ವಿಮೆ, ಶೋರೂಮಿನವರ 'ಹ್ಯಾಂಡ್ಲಿಂಗ್'. ಇಷ್ಟೆಲ್ಲ ಸುರಿದು ಕೊಂಡ ಆ ಹೊಳಪಿನ ದಪ್ಪ ಎಷ್ಟೆಂದು ಕೇಳಬಾರದು. ಕೇಳಿದರೆ ಸುಮಾರು 100ರಿಂದ 120 ಮೈಕ್ರಾನ್. ತಲೆಗೂದಲಿನ ದಪ್ಪವೇ 70ರ ಆಸುಪಾಸು. ಎರಡು ಕೂದಲಿಗೂ ಸಮವಲ್ಲದ ಆ ಪದರಕ್ಕೆ ಕಂಪನಿಯವರು ಇಟ್ಟ ಹೆಸರು ಮಾತ್ರ ನಮ್ಮೂರ ಸ್ವಾಮಿಗಳ ಬಿರುದಾವಳಿಯಷ್ಟು ಉದ್ದ.

ಕಾರ್ಖಾನೆಯಲ್ಲಿ ನಡೆಯುವುದು ಇಷ್ಟು. ಉಕ್ಕಿನ ಮೈಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ತುಕ್ಕು ತಡೆಯುವ ಮೊದಲ ಪದರ ಕೂಡಿಸುತ್ತಾರೆ. ಅದರ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. 140 ಡಿಗ್ರಿ ಆಸುಪಾಸಿನ ಒಲೆಯಲ್ಲಿ ಬೇಯಿಸುತ್ತಾರೆ. ಬಂಪರ್ ಪ್ಲಾಸ್ಟಿಕ್ಕಿನದು; ಆ ಕಾವಿಗೆ ಸೊಟ್ಟಗಾಗುತ್ತದೆ. ಹಾಗಾಗಿ ಅದನ್ನು ಪ್ರತ್ಯೇಕವಾಗಿ, ಎಷ್ಟೋ ಸಲ ಇನ್ನೊಂದು ಕಂಪನಿಯವರ ಶೆಡ್ಡಿನಲ್ಲಿ, 80 ಡಿಗ್ರಿ ಆಚೀಚೆ ಒಣಗಿಸುತ್ತಾರೆ. ಬಣ್ಣದ ಕೋಡ್ ಒಂದೇ. ಒಲೆ ಬೇರೆ, ಕೈ ಬೇರೆ, ಬಣ್ಣದೊಳಗಿನ ಮಿನುಗುಪುಡಿ ಮಲಗುವ ಕೋನ ಬೇರೆ. ನೆರಳಲ್ಲಿ ಎಲ್ಲ ಸರಿ, ಬಿಸಿಲಿಗೆ ಬಂದರೆ ಬಣ್ಣ ಬಯಲು. ಇದನ್ನು ಕೊಳ್ಳುವ ಮುಂಚೆ ಯಾರೂ ಹೇಳುವುದಿಲ್ಲ. ಕೊಂಡು ತಕರಾರು ತೆಗೆದ ಮೇಲೆ ಎಲ್ಲರೂ ಹೇಳುತ್ತಾರೆ, ಅದೂ ನಿಮಗೆ ವಿಜ್ಞಾನ ಗೊತ್ತಿಲ್ಲವೆಂಬ ಕನಿಕರದಲ್ಲಿ.

ಅಳಿಯ ಸರ್ವೀಸ್ ಸೆಂಟರಿಗೆ ಹೋದ. ಅಲ್ಲಿ ನಡೆದದ್ದು ಕಾರ್ಣಿಕವೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಉಪವಾಸವಿದ್ದು, ಬಿಲ್ಲನ್ನೇರಿ, 'ಸದ್ದಲೇ' ಎಂದು ಲಕ್ಷಾಂತರ ಜನರ ಬಾಯಿ ಮುಚ್ಚಿಸಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಮಳೆಯೋ, ಬೆಳೆಯೋ, ಸರ್ಕಾರವೋ ಎಂದು ಅರ್ಥ ಹಚ್ಚುವುದು ಉಳಿದವರ ಪಾಡು. ಸರ್ವೀಸ್ ಅಡ್ವೈಸರ್ ಕೂಡ ಜಾಬ್ ಕಾರ್ಡಿನಲ್ಲಿ ಒಂದೇ ಸಾಲು ಬರೆದ: 'ಶೇಡ್ ವಿತಿನ್ ಟಾಲರೆನ್ಸ್.' ಉಪವಾಸದ ಕಷ್ಟ ಇವನಿಗಿರಲಿಲ್ಲ, ಊಟ ಮುಗಿಸಿಯೇ ಬಂದಿದ್ದ. ಯಾರ ಟಾಲರೆನ್ಸು ಎಂದು ಅಳಿಯ ಕೇಳಿದ್ದಕ್ಕೆ, "ಕಂಪನೀದು ಸರ್" ಎಂದನಂತೆ. ತಾಳಿಕೊಳ್ಳಬೇಕಾದವನು ಗಿರಾಕಿ, ತಾಳ್ಮೆಯ ಅಳತೆ ಕಂಪನಿಯದು.

ಡೆಲಿವರಿಗೆ ಮುಂಚೆ ಯಾರಾದರೂ ತಗುಲಿಸಿ ಬಣ್ಣ ಹೊಡೆದಿದ್ದರೋ ಎಂಬ ಗುಮಾನಿಗೂ ಮದ್ದಿತ್ತು. ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ತಂದು, "ಬಂಪರ್ ಚೆಕ್ ಮಾಡಿದ್ವಿ ಸರ್, ಏನೂ ತೋರಿಸ್ತಿಲ್ಲ" ಎಂದರು. ತೋರಿಸುವುದು ಹೇಗೆ? ಆ ಸಾಮಾನ್ಯ ಮೀಟರು ಲೋಹದ ಮೇಲಿನ ಬಣ್ಣವನ್ನಷ್ಟೇ ಅಳೆಯುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಮೂಕ. ಲೋಹದ ಫೆಂಡರಿಗೆ ಹಿಡಿದು ತೋರಿಸಿ ಅಂದರೆ ಬ್ಯಾಟರಿ ಮುಗಿದಿತ್ತು.

ಇಂಥ ಮಾತು ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿದ್ದುಂಟು. ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಡಾ. ಐರಾ ಗೋರ್ 1990ರಲ್ಲಿ 40 ಸಾವಿರ ಡಾಲರ್ ಮೀರಿ ತೆತ್ತು ಕಪ್ಪು ಬಿಎಂಡಬ್ಲ್ಯು ಸ್ಪೋರ್ಟ್ಸ್ ಸೆಡಾನ್ ಕೊಂಡರು. ಒಂಬತ್ತು ತಿಂಗಳು ಓಡಿಸಿ, ಇನ್ನಷ್ಟು ಮಿರಿಮಿರಿ ಮಿಂಚಲೆಂದು ಪಾಲಿಶ್ ಅಂಗಡಿಗೆ ಕೊಟ್ಟರೆ, ಅಂಗಡಿಯವನೇ ಹೇಳಿದ: ಇದಕ್ಕೆ ಆಗಲೇ ಮರುಬಣ್ಣವಾಗಿದೆ. ಜರ್ಮನಿಯಿಂದ ಬರುವ ದಾರಿಯಲ್ಲಿ ಆಮ್ಲಮಳೆ ಬಿದ್ದು ಬಣ್ಣ ಕೆಟ್ಟಿರಬೇಕೆಂಬುದು ಊಹೆ. ಮರುಬಣ್ಣದ ಖರ್ಚು 601 ಡಾಲರ್ 37 ಸೆಂಟ್. ರಿಪೇರಿ ಖರ್ಚು ಕಾರಿನ ಬೆಲೆಯ ಶೇ. 3 ಮೀರದಿದ್ದರೆ ಡೀಲರನಿಗೂ ಹೇಳದೆ ಹೊಸದೆಂದು ಮಾರುವುದು ಕಂಪನಿಯ ನೀತಿಯಾಗಿತ್ತು. ನೀತಿ ಎಂದರೆ ಕಂಪನಿಯೇ ಒಪ್ಪಿಕೊಂಡ ನೀತಿ. ನಮ್ಮಲ್ಲಿಯ ಹಾಗೆ ಕೇಳಿದರೆ ಅಲ್ಲಗಳೆಯುವ ಕಸುಬಲ್ಲ. ಜ್ಯೂರಿ 4,000 ಡಾಲರ್ ನಷ್ಟಪರಿಹಾರ, ಅದರ ಮೇಲೆ 40 ಲಕ್ಷ ಡಾಲರ್ ದಂಡ ಜಡಿಯಿತು. ರಾಜ್ಯದ ಕೋರ್ಟು ದಂಡವನ್ನು ಅರ್ಧಕ್ಕಿಳಿಸಿತು, 1996ರಲ್ಲಿ ಸುಪ್ರೀಂ ಕೋರ್ಟು ಅದೂ ವಿಪರೀತವಾಯಿತೆಂದಿತು, ಕೊನೆಗೆ ನಿಂತದ್ದು 50 ಸಾವಿರಕ್ಕೆ. ಇದನ್ನು ಹೇಳಿದರೆ ಕೊಟ್ಟೂರಿನ ಹಿರಿಯರು ನಂಬಲಿಲ್ಲ. ದಂಡದ ಮೊತ್ತದ ಬಗ್ಗೆ ಅವರ ತಕರಾರಿರಲಿಲ್ಲ. "ಆ ಡಾಕ್ಟ್ರಿಗೆ ಒಂಬತ್ತು ತಿಂಗಳು ಕಣ್ಣು ಕಾಣಿಸ್ತಿದ್ದಿಲ್ಲೇನು?"

ಬಣ್ಣ ಬಳಿದು ಹೊಸದು ಅನ್ನುವ ವಿದ್ಯೆ ನಮ್ಮ ಸೀಮೆಗೆ ವಿದೇಶದಿಂದ ಬರಬೇಕಾಗಿಲ್ಲ. ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಆಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ. ಪ್ರತಿ ಸಲವೂ ಕಚೇರಿಗಳ ಬೋರ್ಡಿಗೆ ಹೊಸ ಬಣ್ಣ, ಒಳಗೆ ಅದೇ ಕುರ್ಚಿ, ಅದೇ 'ನಾಳೆ ಬರ್ರಿ'. ಹಾಸ್ಯಸಾಹಿತಿ ಬೀಚಿ ಹುಟ್ಟಿದ ಊರು. ಇದನ್ನು ಅವರೇ ಬರೆಯಬೇಕಿತ್ತು, ನಾನಾದರೂ ಎಷ್ಟೆಂದು ಬರೆಯಲಿ.

ಇತ್ತ ಕಾರಿನ ಕಥೆ ಮುಂದುವರಿಯಿತು. ನೆಲಕ್ಕೆ ಮುತ್ತಿಡುವಂತೆ ತಗ್ಗಿದ ಆ ಮೂತಿಗೆ ಹಗರಿಬೊಮ್ಮನಹಳ್ಳಿ ದಾರಿಯ ಹಂಪುಗಳು ತಮ್ಮ ಗೌರವ ಸಲ್ಲಿಸಿದವು. ಡಾಂಬರಿನ ಮೇಲೆ ಒಕ್ಕಣೆಗೆ ಹರವಿದ್ದ ಹುರುಳಿ ಬಳ್ಳಿ ಉಳಿದಿದ್ದನ್ನು ಕೆರೆದುಕೊಂಡು ಹೋಯಿತು. ಬಂಪರಿನ ಕೆಳತುಟಿಯಲ್ಲಿ ಬಣ್ಣ ಎದ್ದು ಕಪ್ಪು ಪ್ಲಾಸ್ಟಿಕ್ ಕಂಡಿತು. ಸಾದಾ ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಸವಕಳಿ ಹಿಡಿಯುತ್ತಾರೆ. 'ಬಂಪರ್ ಟು ಬಂಪರ್' ಪಾಲಿಸಿ ಮಾಡಿಸಬೇಕಿತ್ತು ಸರ್, ಎಂದರು ವಿಮೆಯವರು. ಬಂಪರೇ ಎರಡು ಬಣ್ಣದ್ದಾಗಿರುವಾಗ ಯಾವುದರಿಂದ ಯಾವುದಕ್ಕೆ?

ಕಡೆಗೆ ಗಾಡಿ ಕೂಡ್ಲಿಗಿಯ ಟಿಂಕರಿಂಗ್ ಪೇಂಟಿಂಗ್ ಶೆಡ್ಡಿಗೆ ಬಂತು. ಪೇಂಟರ್ ಬಂಪರ್ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು, ವಾಟರ್ ಪೇಪರಿನಲ್ಲಿ ಉಜ್ಜಿ, ಉಗುರಿನಿಂದ ಬಣ್ಣದ ಅಂಚು ಕೆದಕಿದ. ಸುಲಿದ ಬಾಳೆಹಣ್ಣಿನ ಸಿಪ್ಪೆಯಷ್ಟು ಸಲೀಸಾಗಿ ಒಂದು ಪಟ್ಟಿ ಎದ್ದು ಬಂತು. "ಪ್ಲಾಸ್ಟಿಕ್ ಪ್ರೈಮರ್ ಹಾಕಿಲ್ರಿ ಇದಕ್ಕ. ಅದಿಲ್ಲಾಂದ್ರ ಬಣ್ಣ ಹಿಡಿಯೋದಿಲ್ಲ. ಫ್ಯಾಕ್ಟರಿ ಕೆಲಸ ಅಲ್ರಿ ಇದು, ಯಾರೋ ಅವಸರದಾಗ ಹೊಡದಾರ" ಎಂದ. ಗಾಳಿ ಬಿಟ್ಟ ದಿನ ಅವನು ಕೆಲಸ ಹಿಡಿಯುವುದಿಲ್ಲ. ಕೂಡ್ಲಿಗಿಯ ಕೆಂಪು ಮಣ್ಣು ಹಸಿ ಲ್ಯಾಕರಿನ ಮೇಲೆ ಕೂತರೆ ಎದ್ದೇಳುವ ಪೈಕಿಯಲ್ಲ. ಬೆಳಗಿನ ಜಾವ ನೆಲಕ್ಕೆ ನೀರು ಚಿಮುಕಿಸಿ, ಸುತ್ತ ಒದ್ದೆ ಗೋಣಿತಾಟು ಕಟ್ಟಿ, ಕಂಪ್ರೆಸರ್ ಹಚ್ಚಿದ. ಡಬ್ಬಿಯ ಕೋಡ್ ನಂಬದೆ ಒಂದು ತಗಡಿನ ತುಂಡಿಗೆ ಹೊಡೆದು, ಬಿಸಿಲಿಗೆ ಹಿಡಿದು, ಬಾನೆಟ್ಟಿನ ಪಕ್ಕ ಇಟ್ಟು ನೋಡಿ, ಎರಡು ಹನಿ ಕಪ್ಪು ಬೆರೆಸಿದ. ರೋಬಾಟುಗಳಿರುವ ಕಡೆ ಬಿಸಿಲಿಗೆ ಹಿಡಿದು ನೋಡುವವರು ಇರಲಿಲ್ಲವೇನೋ. ಬಣ್ಣ ಕೂಡಿತು.

ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಗಡುವುಂಟು, ಆಯೋಗಕ್ಕೆ ಹೋಗು ಎಂದರೆ ಅಳಿಯ "ಆಫೀಸಿಗೆ ರಜೆ ಇಲ್ಲ ಮಾವ" ಎಂದ. ಮೂರನೇ ವರ್ಷ ಕಾರು ಬೇಸರವಾಗಿ, ಬದಲಿಸಲೆಂದು ಅದೇ ಶೋರೂಮಿನ ಹಳೆ ಕಾರಿನ ವಿಭಾಗಕ್ಕೆ ಒಯ್ದ. ಅಲ್ಲಿನ ಹುಡುಗ ಹತ್ತು ಹೆಜ್ಜೆ ದೂರದಿಂದಲೇ "ಬಂಪರ್ ರೀಪೇಂಟ್" ಎಂದು ಬರೆದುಕೊಂಡ. ಹಿಂದೆ ಇಡೀ ವರ್ಕ್‌ಶಾಪಿಗೆ ಕಾಣದ್ದು ಇವನಿಗೆ ಕಂಡಿತು. ಅದೂ ಈಗ, ಬಣ್ಣ ಸರಿಯಾಗಿ ಹೊಂದಿದ ಮೇಲೆ. ಅದಕ್ಕೆ ಬೆಲೆಯಲ್ಲಿ ಕಡಿತ.

ಆಮೇಲೆ ಮೀಟರ್ ತೆಗೆದ. ಈ ಸಲ ಬ್ಯಾಟರಿ ಇತ್ತು. ಕೂಡ್ಲಿಗಿಯ ಪೇಂಟರ್ ಮುಟ್ಟದೇ ಇದ್ದ ಎಡಗಡೆ ಫೆಂಡರಿಗೆ ಹಿಡಿದು, ಪರದೆಯನ್ನು ಅಳಿಯನ ಕಡೆ ತಿರುಗಿಸಿದ: 310 ಮೈಕ್ರಾನ್.

"ಇದು ಯಾವಾಗ ಆಕ್ಸಿಡೆಂಟ್ ಆಗಿದ್ದು ಸರ್? ಮುಚ್ಚಿಡಬಾರದು, ಮೊದಲೇ ಹೇಳಬೇಕು."

ಅದಕ್ಕೆ ಬೇರೆ ಕಡಿತ.