ಸೀರಮ್ಮು ಅಲ್ಲಿ, ಮುಖ ಇಲ್ಲಿ

ನನಗೆ ಬೇಕಾದ ಸೀರಮ್ಮು ಅಮೆರಿಕದ ಅಂಗಡಿಯಲ್ಲಿದೆ, ಹಚ್ಚಿಕೊಳ್ಳಬೇಕಾದ ಮುಖ ಮಲ್ಲೇಶ್ವರದಲ್ಲಿದೆ. ಹೆಸರು, ಅಡ್ಡರಸ್ತೆ, ಪಿನ್‌ಕೋಡು ಎಲ್ಲ ಬರೆಸಿಕೊಂಡ ಮೇಲೆಯೇ ಆ ಅಂಗಡಿ ‘ನಿಮ್ಮ ದೇಶಕ್ಕೆ ಕಳಿಸುವುದಿಲ್ಲ’ ಎನ್ನುತ್ತದೆ. ಉಪ್ಪಿಟ್ಟು ಕೇಸರಿಬಾತು ತಿಂದು ಕೈತೊಳೆದು ಹುಡುಗಿ ಬೇಡ ಅಂದ ಗಂಡಿನ ಕಡೆಯವರ ಹಾಗೆ. ಆಗ ನೆನಪಾಗುವವಳೇ ನ್ಯೂಜೆರ್ಸಿಯ ಚಿಕ್ಕಮ್ಮನ ಮಗಳು. ವರ್ಷವಿಡೀ ಫೋನ್ ಮಾಡದ ನಾನು, ಅವಳು ಊರಿಗೆ ಬರುವ ಸುದ್ದಿ ಸಿಕ್ಕಿದ್ದೇ ತಡ, ಮಗುವಿನ ಹಲ್ಲು, ಗಂಡನ ಬೆನ್ನುನೋವು ಎಲ್ಲ ವಿಚಾರಿಸಿ ಕೊನೆಗೆ ‘ಒಂದು ಪುಟಾಣಿ ಬಾಟಲಿ ಕಣೇ’ ಎಂದು ರಾಗ ಎಳೆಯುತ್ತೇನೆ. ಅವಳೂ ಘಾಟಿ. ‘ಕೈಚೀಲದಲ್ಲಿ 100 ಎಂಎಲ್ ದಾಟಿದ್ರೆ ಕಸದಬುಟ್ಟಿಗೆ ಹಾಕ್ತಾರೆ. ಸೂಟ್‌ಕೇಸಿನ 23 ಕಿಲೋದಲ್ಲಿ ದೊಡ್ಡಮ್ಮನ ಬಾದಾಮೀನೇ ಅರ್ಧ ಇದೆ’ ಅಂತಾಳೆ. ಅಂತೂ ಬಂತು. ಲೇಬಲ್ ಓದಿದರೆ ಬಸವನಹುಳುವಿನ ಲೋಳೆ, ತಯಾರಾದದ್ದು ಕೊರಿಯಾದಲ್ಲಿ! ಪಾಪ, ಭೂಮಿಯನ್ನೇ ಸುತ್ತಿ ಬಂದಿದೆ. ಅಮ್ಮನೋ ಅದೇ ಜಾತಿಯವನ್ನು ಹಿತ್ತಿಲಿನಿಂದ ಉಪ್ಪು ಹಾಕಿ ಓಡಿಸುತ್ತಾಳೆ. ತಂಗಿ ವಾಪಸು ಹೊತ್ತೊಯ್ದದ್ದು ಮೈಸೂರು ಸ್ಯಾಂಡಲ್ ಸೋಪು. ಈಗ ಸನ್‌ಸ್ಕ್ರೀನೂ ಬೇಕಾಗಿದೆ; ಬೇಸಿಗೆಗೆ ಆ ಕಡೆಯಿಂದ ಬರುವವರಿದ್ದರೆ ದಯವಿಟ್ಟು ತಿಳಿಸಿ, ಚಕ್ಕುಲಿ ನಮ್ಮ ಲೆಕ್ಕ.