ಅರ್ಹತೆಯುಂಟು, ಬಸ್ಸಿಲ್ಲ

ಹನ್ನೊಂದರ ವಯಸ್ಸಿನಲ್ಲಿ ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಪ್ರೌಢಶಾಲೆಗಳಿಗೆ ಇಂಗ್ಲೆಂಡಿನಲ್ಲಿ ಗ್ರಾಮರ್ ಶಾಲೆಗಳೆಂದು ಹೆಸರು. ಅಂಥವು 163 ಉಳಿದಿದ್ದು, ಅವುಗಳಲ್ಲಿ ಹಲವು ನಕ್ಷೆಯ ಮೇಲೆ ಗೆರೆಯೆಳೆದು, ಕ್ಯಾಚ್‌ಮೆಂಟ್ ಎಂಬ ಆ ಪ್ರವೇಶ ವಲಯದೊಳಗಿನವರಿಗೆ ಆದ್ಯತೆ ನೀಡುತ್ತವೆ. ಗೆರೆಯಾಚೆಯ ತಂದೆಗೂ ಕೌನ್ಸಿಲ್ ಅಧಿಕಾರಿಗೂ ನಡೆಯಬಹುದಾದ ಸಂವಾದದ ಮಾದರಿ ಇಂತಿದೆ.

ತಂದೆ: ಬಕಿಂಗ್‌ಹ್ಯಾಮ್‌ಶೈರಿನಲ್ಲಿ 121 ಅಂಕ ಬಂದರೆ ಅರ್ಹತೆಯೆಂದು ನಿಯಮವಿರುವಾಗ, ಮಗಳಿಗೆ 130 ಬಂದಿರುವುದರಿಂದ ಸೀಟು ಖಚಿತವಲ್ಲವೇ?

ಅಧಿಕಾರಿ: ಅರ್ಹತೆಯೆಂದರೆ ಸರದಿಯಲ್ಲಿ ನಿಲ್ಲುವ ಹಕ್ಕೇ ಹೊರತು ಸೀಟಲ್ಲ, ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು, ವಲಯದೊಳಗಿನವರು ಮೊದಲಾದವರಿಗೆ ಹಂಚಿ ಉಳಿದರೆ, ಆಗ ಮನೆಯ ದೂರವನ್ನು ಅಳೆಯಲಾಗುತ್ತದೆ.

ತಂದೆ: ಬುದ್ಧಿಯನ್ನು ಅಳೆದ ಮೇಲೆ ರಸ್ತೆಯನ್ನೂ ಅಳೆಯುವಿರೋ! ಇರಲಿ, ಶಾಲೆ 3 ಮೈಲಿಗಿಂತ ದೂರವಿದ್ದರೆ ಬಸ್ಸು ಉಚಿತವಲ್ಲವೇ?

ಅಧಿಕಾರಿ: ಎಂಟರಿಂದ ಹದಿನಾರರ ವಯಸ್ಸಿನವರಿಗೆ ಹೌದು, ಆದರೆ ಸೀಟು ದೊರೆಯಬಹುದಾದ ಅತಿ ಸಮೀಪದ ಸೂಕ್ತ ಶಾಲೆಗೆ ಹೋದರೆ ಮಾತ್ರ, ಸೂಕ್ತವೆಂದರೆ ವಯಸ್ಸಿಗೂ ಸಾಮರ್ಥ್ಯಕ್ಕೂ ಒಪ್ಪುವ ಶಿಕ್ಷಣವಿರುವ ಶಾಲೆ, ನಿಮ್ಮ ಬೀದಿಯ ಕೊನೆಯಲ್ಲಿರುವುದೂ ಅದೇ.

ತಂದೆ: ಸಾಮರ್ಥ್ಯವನ್ನು ಬೇರೆಯಾಗಿ ಗುರುತಿಸಲೆಂದೇ ಪರೀಕ್ಷೆ ನಡೆಸಿದ್ದಲ್ಲವೇ?

ಅಧಿಕಾರಿ: ಅದು ಪ್ರವೇಶ ವಿಭಾಗದ ಸಾಮರ್ಥ್ಯ, ಇದು ಸಾರಿಗೆ ವಿಭಾಗದ್ದು.

(ಈ ಎರಡು ವಿಭಾಗಗಳ ನಡುವಿನ ದೂರವನ್ನು ಮಾತ್ರ ಯಾರೂ ಅಳೆದಂತಿಲ್ಲ.)

ತಂದೆ: ಕಡಿಮೆ ಆದಾಯದವರಿಗಾದರೂ ರಿಯಾಯಿತಿ?

ಅಧಿಕಾರಿ: ಉಂಟು; ಸಮೀಪದ ಮೂರು ಸೂಕ್ತ ಶಾಲೆಗಳಲ್ಲಿ ಒಂದಾಗಿದ್ದು, 2ರಿಂದ 6 ಮೈಲಿಯೊಳಗಿದ್ದರೆ. ನಿಮ್ಮದು ಏಳನೆಯ ಮೈಲಿ.

ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 31, ಸೀಟು ತಿಳಿಯುವುದು ಮುಂದಿನ ಮಾರ್ಚ್ ಆರಂಭದಲ್ಲಿ. ಬಸ್ಸಿನ ದರವನ್ನು ಅರ್ಜಿಗೆ ಮುನ್ನವೇ ವಿಚಾರಿಸಿಕೊಳ್ಳಬೇಕಾದವರು ತಂದೆತಾಯಿಗಳೇ.